ಕೋಟೆ ನೋಡಿ ಅತ್ತು ಬಂದವರು

ಘಾನಾಕ್ಕೆ ಹೋಗುವ ಅಮೆರಿಕದ ಮಿಷನ್ ತಂಡಗಳ ಕಾರ್ಯಕ್ರಮ ಹೆಚ್ಚುಕಡಿಮೆ ಒಂದೇ ಥರ. ಶಾಲೆಗೆ ಸುಣ್ಣಬಣ್ಣ, ಮಕ್ಕಳಿಗೆ ಬೈಬಲ್ ಪಾಠ, ಆರೋಗ್ಯ ಶಿಬಿರ. ಕೊನೆಗೆ, ವಿಮಾನ ಹತ್ತುವ ಮುನ್ನ, ಗುಲಾಮರನ್ನು ಹಡಗೇರಿಸುತ್ತಿದ್ದ ಕೇಪ್ ಕೋಸ್ಟ್ ಕೋಟೆ. ಎಷ್ಟೋ ಸಲ ಹತ್ತಿರದ ಕಾಕುಮ್ ಕಾಡಿನ ತೂಗುಸೇತುವೆಯೂ ಅದೇ ದಿನಕ್ಕೆ. ಬೆಳಿಗ್ಗೆ ಗುಲಾಮರ ಸೆರೆಮನೆ, ಮಧ್ಯಾಹ್ನ ಮರದ ತುದಿಯಲ್ಲಿ ಫೋಟೊ. ಈ ಜೋಡಣೆ ಕಸಿವಿಸಿ ತರುತ್ತದೆ. ನನ್ನ ತಕರಾರು ಅದಕ್ಕಿಂತ ದೊಡ್ಡದು.

ಗೈಡ್ ಮೊದಲು ಗಂಡಸರ ನೆಲಮಾಳಿಗೆಗೆ ಇಳಿಸುತ್ತಾನೆ. ಗೋಡೆಯ ತುದಿಯಲ್ಲಿ ಸಣ್ಣ ಗವಾಕ್ಷಿ. ಕಾಲಡಿಯಲ್ಲಿ ಮಲಮೂತ್ರ ಗಟ್ಟಿಕಟ್ಟಿ ನೆಲವೇ ಆಗಿಹೋದ ಪದರ. ಕೆಲವೊಮ್ಮೆ ದೀಪವನ್ನೂ ಆರಿಸುತ್ತಾನೆ. ಕತ್ತಲಲ್ಲಿ ಯಾರೋ ಬಿಕ್ಕುತ್ತಾರೆ. ಕೈಕೈ ಹಿಡಿದು ಪ್ರಾರ್ಥನೆ. ಒಬ್ಬರು ‘ಅಮೇಜಿಂಗ್ ಗ್ರೇಸ್’ ಕೀರ್ತನೆ ಎತ್ತಿಕೊಂಡರೆ ಉಳಿದವರು ದನಿಗೂಡಿಸುತ್ತಾರೆ.

ಅದನ್ನು ಬರೆದ ಜಾನ್ ನ್ಯೂಟನ್ ಗುಲಾಮರ ಹಡಗಿನ ಕಪ್ತಾನನಾಗಿದ್ದ, ದೇವರ ಕೃಪೆಯಿಂದ ಬದಲಾದ ಎಂದು ಕಥೆ. ಕಥೆ ಹೇಳುವವರು ಇಸವಿಗಳನ್ನು ನುಂಗುತ್ತಾರೆ. ಅವನು ದೇವರಿಗೆ ಮೊರೆಯಿಟ್ಟ ಬಿರುಗಾಳಿ 1748ರದು. ಕಪ್ತಾನನಾದದ್ದು ಅದರ ನಂತರ. 1754ರಲ್ಲಿ ಕಡಲು ಬಿಟ್ಟದ್ದು ಕಾಯಿಲೆ ಬಿದ್ದು. ಗುಲಾಮ ವ್ಯಾಪಾರದ ವಿರುದ್ಧ ಪುಸ್ತಿಕೆ ಅಚ್ಚು ಹಾಕಿಸಿದ್ದು 1788ರಲ್ಲಿ. ಬಿರುಗಾಳಿಗೂ ಪುಸ್ತಿಕೆಗೂ ನಡುವೆ ನಲವತ್ತು ವರ್ಷ. ಹಾಗಾಗಿ ನೆಲಮಾಳಿಗೆಯ ಕಣ್ಣೀರನ್ನು ನಾನು ಸುಳ್ಳೆನ್ನುವುದಿಲ್ಲ, ಅದಕ್ಕೆ ಅಂಕವನ್ನೂ ಕೊಡುವುದಿಲ್ಲ.

ಇಂಥ ಪ್ರಾರ್ಥನೆಗಳಲ್ಲಿ ಪಾಪ ಮಾಡಿದವರು ಯಾವಾಗಲೂ ಬೇರೆಯವರು: ವ್ಯಾಪಾರಿಗಳು, ದುರಾಸೆಯ ಬ್ರಿಟಿಷರು. ಆದರೆ ಕೋಟೆಯಲ್ಲಿ ಚರ್ಚೂ ಇತ್ತು, ಸೆರೆಕೋಣೆಯ ನೆತ್ತಿಯ ಮೇಲೇ. 2009ರಲ್ಲಿ ಇಲ್ಲಿಗೆ ಬಂದ ಒಬಾಮಾ ಕೂಡ ಅದನ್ನು ಎತ್ತಿ ಹೇಳಿದ್ದರು. ಅಂಗಳದಲ್ಲಿ ಫಿಲಿಪ್ ಕ್ವಾಕುವಿನ ಸಮಾಧಿಯಿದೆ. ಎಲ್ಲರೂ ನಿಲ್ಲಬೇಕಾದದ್ದು ಅಲ್ಲಿ. ಇದೇ ಊರಿನ ಹುಡುಗ. 1754ರಲ್ಲಿ ಇಂಗ್ಲೆಂಡಿಗೆ ಕಳಿಸಿದರು, 1765ರಲ್ಲಿ ಆಂಗ್ಲಿಕನ್ ಪಾದ್ರಿಯಾದ. ಆಫ್ರಿಕದವರಲ್ಲಿ ಅವನೇ ಮೊದಲಿಗ. ಮರುವರ್ಷ ಮರಳಿ, 1816ರಲ್ಲಿ ಸಾಯುವತನಕ ಕೋಟೆಯ ಪಾದ್ರಿಯಾಗಿದ್ದ. ಬ್ರಿಟನ್ ಗುಲಾಮ ವ್ಯಾಪಾರ ನಿಷೇಧಿಸಿದ್ದು 1807ರಲ್ಲಿ. ಅಂದರೆ ನಾಲ್ಕು ದಶಕ ಅವನು ಈ ವ್ಯಾಪಾರದ ನಡುವೆಯೇ ಆರಾಧನೆ ನಡೆಸಿದ. ಅವನನ್ನು ಮಿಷನರಿಯಾಗಿ ನೇಮಿಸಿದ ಆಂಗ್ಲಿಕನ್ ಸುವಾರ್ತಾ ಪ್ರಸಾರ ಸಂಘಕ್ಕೆ ಬಾರ್ಬಡೋಸಿನಲ್ಲಿ ಸ್ವಂತ ಕಬ್ಬಿನ ತೋಟಗಳಿದ್ದವು, ಕ್ರಿಸ್ಟಫರ್ ಕಾಡ್ರಿಂಗ್ಟನ್ 1710ರಲ್ಲಿ ಸಾಯುವಾಗ ಬರೆದುಕೊಟ್ಟವು. ಅಲ್ಲಿನ ಗುಲಾಮರ ಎದೆಗೆ ಸಂಘದ ಹೆಸರಿನ ಬರೆ ಹಾಕುತ್ತಿದ್ದರು. ಇಂಗ್ಲೆಂಡಿನ ಚರ್ಚು ಇದಕ್ಕೆ ಕ್ಷಮೆ ಕೇಳಿದ್ದು 2006ರಲ್ಲಿ. ಮಿಷನ್ ಕೆಲಸಕ್ಕೆಂದೇ ಬಂದವರು ಈ ಸಮಾಧಿಯನ್ನು ದಾಟಿ, ಗುಲಾಮರನ್ನು ಹಡಗಿಗೆ ಒಯ್ದ ‘ಮರಳಿ ಬಾರದ ಬಾಗಿಲಿ’ನತ್ತ ಧಾವಿಸುವುದು ನನಗೆ ಅರ್ಥವಾಗುವುದಿಲ್ಲ.

ಅದೇ ನೆಲಮಾಳಿಗೆಯಲ್ಲಿ ಊರಿನ ದೈವ ನಾನಾ ತಾಬಿರ್‌ನ ಗುಡಿಯೂ ಇದೆ. ಅದರ ಮುಂದೆ ಸತ್ತವರಿಗೆ ಮದ್ಯ ಎರೆಯುವುದನ್ನು ಕಂಡು ಮುಖ ತಿರುಗಿಸುವ ಭಕ್ತರು, ಮೇಲಿನ ಚರ್ಚನ್ನು ಕಂಡು ಅಷ್ಟು ಮುಜುಗರಪಡುವುದಿಲ್ಲವೇಕೆ?

ಮಂಗಳೂರಿನವರಿಗೂ ಈ ತೀರ ತೀರಾ ದೂರದ್ದಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬರುವ ಮುಂಚೆ, 1828ರಲ್ಲಿ ಕಾಲಿಟ್ಟದ್ದು ಇದೇ ಕರಾವಳಿಯಲ್ಲಿ. ಡೇನರ ಕ್ರಿಶ್ಚಿಯನ್‌ಬೋರ್ಗ್‌ನಲ್ಲಿ, ಅದೂ ಗುಲಾಮರನ್ನು ಸಾಗಿಸಿದ ಕೋಟೆಯೇ.

ಭೇಟಿ ಬೇಡವೆನ್ನುತ್ತಿಲ್ಲ, ಅದನ್ನು ಮೊದಲ ದಿನಕ್ಕೆ ತನ್ನಿ. ಪ್ರಯಾಣದ ದಣಿವಿನಲ್ಲಿ ಇಷ್ಟು ಭಾರವೇಕೆ ಎಂದಾರು ಏರ್ಪಾಡು ಮಾಡುವವರು. ಆದರೆ ಕೊನೆಗೆ ನೋಡಿದರೆ ಕೆಲಸ ಮುಗಿದಿರುತ್ತದೆ, ಕೋಟೆಗೆ ಏನನ್ನೂ ಬದಲಿಸುವ ಅವಕಾಶವಿರುವುದಿಲ್ಲ. ಮೊದಲೇ ಕ್ವಾಕುವಿನ ಸಮಾಧಿ ಕಂಡವರು, ಮರುದಿನ ಶಾಲೆಯಲ್ಲಿ ಪಾಠಕ್ಕೆ ನಿಲ್ಲುವ ಮುನ್ನ ಅಲ್ಲಿನ ಮೇಷ್ಟರನ್ನು ನಾಲ್ಕು ಮಾತು ಕೇಳಿಯಾರು.