ಬಿಸಿಲಲ್ಲೂ ಎತ್ತುವ ಲಿಫ್ಟ್

ಹ್ಯಾರಿ ಫರ್ಗ್ಯುಸನ್ ರೂಪಿಸಿದ ಹೈಡ್ರಾಲಿಕ್ ಲಿಫ್ಟ್ 1939ರಲ್ಲಿ ಫೋರ್ಡ್ 9ಎನ್ ಟ್ರ್ಯಾಕ್ಟರಿನೊಂದಿಗೆ ದೊಡ್ಡ ಮಾರುಕಟ್ಟೆಗೆ ಬಂತು. ತಂಪು ಐರ್ಲೆಂಡಿನವನ ಆ ಕಲ್ಪನೆ ಇಂದು ರಾಯಚೂರಿನ ಏಪ್ರಿಲ್ ಬಿಸಿಲಲ್ಲೂ ನೇಗಿಲನ್ನು ಎತ್ತಿ ಇಳಿಸುತ್ತಿದೆ. ನನ್ನ ಮೆಚ್ಚುಗೆ ಅದಕ್ಕೇ. ಮಧ್ಯಾಹ್ನದ ಹೊತ್ತಿಗೆ ಎತ್ತಿ ನಿಲ್ಲಿಸಿದ ರೋಟವೇಟರ್ ಮೆಲ್ಲಗೆ ಜಗ್ಗಿದರೆ ‘ಲಿಫ್ಟ್ ಹೋಯ್ತು’ ಎನ್ನುವವರುಂಟು. ಬೆಳಿಗ್ಗೆ ಅದೇ ಲಿಫ್ಟ್ ಗಟ್ಟಿಯಾಗಿ ನಿಂತಿತ್ತಲ್ಲ? ಕಾದ ಎಣ್ಣೆ ತೆಳ್ಳಗಾಗುತ್ತದೆ: 40 ಡಿಗ್ರಿಯಲ್ಲಿ 46 ಸೆಂಟಿಸ್ಟೋಕ್‌ನಷ್ಟಿರುವ ಸಾಮಾನ್ಯ ಹೈಡ್ರಾಲಿಕ್ ಎಣ್ಣೆಯ ಸ್ನಿಗ್ಧತೆ 100 ಡಿಗ್ರಿಗೆ ಏಳರ ಆಸುಪಾಸಿಗೆ ಕುಸಿಯುತ್ತದೆ. ಸವೆದ ಸೀಲು, ವಾಲ್ವುಗಳ ಸಂದಿಯಲ್ಲಿ ಅದು ಆಗ ಸಲೀಸಾಗಿ ನುಸುಳುತ್ತದೆ. ಬಿಸಿಲು ಸವೆತವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಬಯಲಿಗೆಳೆಯುತ್ತದೆ.

ಹಾಗಾದರೆ ದಪ್ಪ ಎಣ್ಣೆ ಹಾಕಿದರಾಯಿತು ಎಂಬ ವಾದವೂ ಇದೆ. ಆದರೆ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಗೇರಿಗೂ ಲಿಫ್ಟಿಗೂ ಒಂದೇ ಎಣ್ಣೆ. ಅದು ಅತಿ ದಪ್ಪವಾದರೆ ಚಳಿಯ ಬೆಳಗಿನಲ್ಲಿ ಪಂಪು ಎಳೆದುಕೊಳ್ಳಲಾರದೆ ನರಳುತ್ತದೆ. ಅಲ್ಲದೆ ಕಾವೆಲ್ಲ ಸೂರ್ಯನದ್ದಲ್ಲ. ರಿಲೀಫ್ ವಾಲ್ವಿನ ಮೂಲಕ ವ್ಯರ್ಥವಾಗಿ ಹರಿದ ಎಣ್ಣೆಯ ಒತ್ತಡವೂ ಶಾಖವೇ ಆಗುತ್ತದೆ, ಹೌಸಿಂಗ್ ಮೇಲೆ ಕಟ್ಟಿದ ಧೂಳು ಆ ಶಾಖವನ್ನು ಹೊರಬಿಡುವುದಿಲ್ಲ. ಕೈಪಿಡಿ ಹೇಳಿದ ದರ್ಜೆಯ ಎಣ್ಣೆ, ಸರಿಯಾದ ಮಟ್ಟ, ಶುದ್ಧ ಫಿಲ್ಟರ್: ಈ ಯಂತ್ರ ಕೇಳುವುದು ಇಷ್ಟೇ.