ಸ್ಪ್ಯಾನರಿಗೆ ಎಷ್ಟು ದುಡ್ಡು ಹಾಕಬೇಕು

ಸ್ಪ್ಯಾನರ್ ಒಳ್ಳೆಯದೋ ಕೆಟ್ಟದ್ದೋ ಎಂಬುದು ತೀರ್ಮಾನವಾಗುವುದು ಅದರ ಬಾಯಿ ಬೋಲ್ಟಿನ ತಲೆಯನ್ನು ಹಿಡಿಯುವ ಕೆಲವೇ ಮಿಲಿಮೀಟರ್ ಜಾಗದಲ್ಲಿ. ತಲೆಗೆ ಆರು ಮುಖ, ಆರು ಮೂಲೆ. ಬಾಯಿ ತುಸು ಅಗಲವಾಗಿದ್ದರೂ ಎಳೆದ ಬಲವೆಲ್ಲ ಮೂಲೆಗಳ ಮೇಲೆ ಬಿದ್ದು ಅವು ಸವೆಯುತ್ತವೆ. ಗ್ಯಾರೇಜಿನವರ ಮಾತಿನಲ್ಲಿ ಬೋಲ್ಟು ‘ರೌಂಡ್’ ಆಗುತ್ತದೆ. ಅಲ್ಲಿಂದ ಮುಂದೆ ಉಳಿ, ಸುತ್ತಿಗೆ, ಕೊನೆಗೆ ವೆಲ್ಡಿಂಗ್. ಕೆಲವು ರೂಪಾಯಿಯ ಬೋಲ್ಟಿಗಾಗಿ ಅರ್ಧ ದಿನ ಹೋಗುತ್ತದೆ. ಮಧುಗಿರಿ, ಶಿರಾ, ಪಾವಗಡದ ಒಣಭೂಮಿಯಲ್ಲಿ ಕಡಲೆಕಾಯಿ ಬಿತ್ತನೆಯ ಹದ ಬಹಳ ದಿನ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಟ್ರ್ಯಾಕ್ಟರ್ ಅರ್ಧ ದಿನ ನಿಂತರೆ ಆಗುವ ನಷ್ಟದ ಮುಂದೆ ಒಳ್ಳೆಯ ಸ್ಪ್ಯಾನರ್ ಸೆಟ್ಟಿನ ಬೆಲೆ ಏನೂ ಅಲ್ಲ. ದುಬಾರಿ ಹತಾರಗಳ ಪರವಾಗಿ ಹೇಳಬಹುದಾದ ಅತಿ ಗಟ್ಟಿ ವಾದ ಇದೇ. ಆದರೆ ಒಳ್ಳೆಯದೆಲ್ಲ ಅತಿ ದುಬಾರಿಯಾಗಿರಬೇಕಿಲ್ಲ.

ಬೆಲೆಯ ಮೊದಲ ಪಾಲು ಉಕ್ಕಿಗೆ ಹೋಗುತ್ತದೆ. ಉತ್ತಮ ಸ್ಪ್ಯಾನರುಗಳನ್ನು ಕ್ರೋಮ್ ವೆನೇಡಿಯಂ ಉಕ್ಕನ್ನು ಕಾಯಿಸಿ, ಬಡಿದು, ಮತ್ತೆ ಕಾಯಿಸಿ ಹದಗೊಳಿಸಿ ಮಾಡುತ್ತಾರೆ. ಹದ ಕಡಿಮೆಯಾದರೆ ಬಾಯಿ ಅಗಲವಾಗುತ್ತದೆ, ಹೆಚ್ಚಾದರೆ ಸೀಳುತ್ತದೆ. ಉಕ್ಕಿನ ಹದ ಈ ಸೀಮೆಗೆ ಹೊಸ ವಿದ್ಯೆಯೇನಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿ 1807ರಲ್ಲಿ ಲಂಡನ್ನಿನಲ್ಲಿ ತನ್ನ ಪ್ರವಾಸಕಥನ ಪ್ರಕಟಿಸಿದ ಫ್ರಾನ್ಸಿಸ್ ಬುಕನನ್, ಮಧುಗಿರಿ, ಚನ್ನರಾಯನದುರ್ಗ, ದೇವರಾಯನದುರ್ಗದ ಸುತ್ತ ಮಳೆನೀರು ಹೊತ್ತು ತಂದ ಕರಿಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದುದನ್ನು ದಾಖಲಿಸಿದ್ದಾನೆ. ಆ ಕಬ್ಬಿಣವನ್ನು ಮಣ್ಣಿನ ಮೂಸೆಯಲ್ಲಿಟ್ಟು ಕಾಯಿಸಿ ಉಕ್ಕು ಮಾಡುತ್ತಿದ್ದರು. ಕಲ್ಲುಕುಟಿಗರ ಉಳಿಗೆ ಬೇಕಾದದ್ದು ಆ ಉಕ್ಕೇ. ನೇಗಿಲ ಗುಳಕ್ಕೆ ಸಾದಾ ಕಬ್ಬಿಣ ಸಾಕು, ಬಂಡೆ ಒಡೆಯುವ ಉಳಿಯ ತುದಿಗೆ ಮಾತ್ರ ಉಕ್ಕು ಬೇಕು ಎಂಬ ಈ ಲೆಕ್ಕಾಚಾರ ಇಂದಿನ ಗ್ಯಾರೇಜಿಗೂ ಸಲ್ಲುತ್ತದೆ.

ಬೆಲೆಯ ಎರಡನೆಯ ಪಾಲು ಅಳತೆಗೆ ಮತ್ತು ಆಕಾರಕ್ಕೆ. ರಿಂಗ್ ಸ್ಪ್ಯಾನರಿನ ಗೋಡೆ ತೆಳುವಾಗಿದ್ದರೆ ಇಕ್ಕಟ್ಟಿನಲ್ಲಿರುವ ಬೋಲ್ಟಿಗೂ ಹೋಗುತ್ತದೆ. ತೆಳುವಾಗಿಯೂ ಸೀಳದಂತೆ ಮಾಡುವುದು ಕಷ್ಟದ ಕೆಲಸ. ಬಲ ಮೂಲೆಯ ಮೇಲೆ ಬೀಳದೆ ಪಕ್ಕದ ಸಮತಟ್ಟು ಮುಖದ ಮೇಲೆ ಬೀಳುವಂತೆ ಸಾಕೆಟ್ಟಿನ ಒಳಗೋಡೆಯನ್ನು ಬಾಗಿಸುವ ವಿನ್ಯಾಸವನ್ನು ಅಮೆರಿಕದ ಸ್ನ್ಯಾಪ್-ಆನ್ ಕಂಪನಿ 1960ರ ದಶಕದಲ್ಲಿ ಜನಪ್ರಿಯಗೊಳಿಸಿತು. ಆ ಪೇಟೆಂಟಿನ ಅವಧಿ ಮುಗಿದು ಎಷ್ಟೋ ಕಾಲವಾಗಿದೆ. ಅದೇ ಬಗೆಯ ಸಾಕೆಟ್ಟುಗಳನ್ನು ಈಗ ಹಲವು ಕಂಪನಿಗಳು ಕಡಿಮೆ ಬೆಲೆಗೆ ಮಾರುತ್ತವೆ.

ಮೂರನೆಯ ಪಾಲೇ ಚರ್ಚೆಯ ವಿಷಯ. 1920ರಲ್ಲಿ ಹುಟ್ಟಿದ ಸ್ನ್ಯಾಪ್-ಆನ್ ತನ್ನ ದೇಶದಲ್ಲಿ ಗ್ಯಾರೇಜಿನ ಬಾಗಿಲಿಗೇ ವ್ಯಾನ್ ಕಳಿಸಿ ಮಾರುತ್ತದೆ. ವ್ಯಾನಿನವನು ಸಾಲ ಕೊಡುತ್ತಾನೆ, ಮುರಿದದ್ದನ್ನು ಅಲ್ಲೇ ಬದಲಿಸಿಕೊಡುತ್ತಾನೆ. ಆ ಸೇವೆಯ ಖರ್ಚೆಲ್ಲ ಸ್ಪ್ಯಾನರಿನ ಬೆಲೆಯಲ್ಲಿ ಸೇರಿರುತ್ತದೆ. ಚನ್ನರಾಯನದುರ್ಗ ಹೋಬಳಿಗೆ ಅಂಥ ವ್ಯಾನ್ ಬರುವುದಿಲ್ಲ. ಆಜೀವ ಗ್ಯಾರಂಟಿ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಮುರಿದ ಸ್ಪ್ಯಾನರ್ ಹಿಡಿದು ಕೊರಟಗೆರೆಯ ಮೆಕ್ಯಾನಿಕ್ ಬೆಂಗಳೂರಿಗೆ ಹೋಗಿಬರುವ ದಿನದ ಕೂಲಿಯಲ್ಲೇ ಹೊಸದೊಂದು ಬರುತ್ತದೆ. ಸಿಗದ ಸೇವೆಗೆ ದುಡ್ಡು ಕೊಡುವುದು ಜಾಣತನವಲ್ಲ. ಅಂಥ ಒಂದು ಆಮದು ಸ್ಪ್ಯಾನರಿನ ಬೆಲೆಗೆ ಇಲ್ಲಿ ದೇಶೀ ರಿಂಗ್ ಸ್ಪ್ಯಾನರುಗಳ ಇಡೀ ಸೆಟ್ಟೇ ಸಿಗುತ್ತದೆ.

ಆ ದೇಶೀ ಸೆಟ್ಟನ್ನು ಕೀಳೆಂದು ಭಾವಿಸಬೇಕಿಲ್ಲ. ಸ್ವೀಡನ್ನಿನ ತಾಂತ್ರಿಕ ಸಹಯೋಗದಿಂದ ನಾಸಿಕ್‌ನಲ್ಲಿ ಶುರುವಾದ ಟಪಾರಿಯಾ, ಜರ್ಮನಿಯ ಗೆಡೋರ್ ಸಹಯೋಗದಲ್ಲಿ ಫರೀದಾಬಾದಿನಲ್ಲಿ ತಯಾರಾಗುತ್ತಿದ್ದ ಜಲಾನಿ, ಇವೆರಡೂ ಹಿಂದಿನ ತಲೆಮಾರಿನ ಮೇಸ್ತ್ರಿಗಳ ಪೆಟ್ಟಿಗೆ ತುಂಬಿದ ಹೆಸರುಗಳು. ದಿನವೂ ದುಡಿಯುವ ಗ್ಯಾರೇಜಿಗೆ ಈ ಮಟ್ಟ ಸಾಕು. ಬಿಡಬೇಕಾದದ್ದು ಅದಕ್ಕೂ ಕೆಳಗಿನದು: ತೂಕದ ಲೆಕ್ಕದಲ್ಲಿ ಮಾರುವ, ಹೊಳಪಿನ ಲೇಪದಡಿ ಮೆತ್ತನೆಯ ಕಬ್ಬಿಣವಿರುವ ಸರಕು.

ಯಾವುದಕ್ಕೆ ಹೆಚ್ಚು ಖರ್ಚು ಮಾಡಬೇಕೆಂಬುದು ಕೆಲಸದ ಮೇಲೆ ನಿಂತಿದೆ. ಜಪಾನಿ ತಂತ್ರಜ್ಞಾನದಿಂದ ಬಂದ ಬೈಕುಗಳಲ್ಲಿ 10, 12, 14 ಅಳತೆಗಳೇ ದಿನವಿಡೀ ಕೈಗೆ ಬರುವವು. ಇವುಗಳ ರಿಂಗ್ ಸ್ಪ್ಯಾನರ್, ಟಿ ಸ್ಪ್ಯಾನರ್ ಮಾತ್ರ ಅತ್ಯುತ್ತಮವಾಗಿದ್ದು ಉಳಿದವು ಸಾಧಾರಣವಾಗಿದ್ದರೂ ನಡೆಯುತ್ತದೆ. ಇದೇ ಬೈಕುಗಳ ಕಾರ್ಬ್ಯುರೇಟರಿನ ಸ್ಟಾರ್ ಸ್ಕ್ರೂಗಳ ತಲೆ ಸಾಮಾನ್ಯ ಫಿಲಿಪ್ಸ್ ಅಲ್ಲ, ಜಪಾನಿ ಮಾನಕದ್ದು. ಎಷ್ಟೇ ದುಬಾರಿ ಫಿಲಿಪ್ಸ್ ಸ್ಕ್ರೂ ಡ್ರೈವರ್ ಹಾಕಿದರೂ ಅದು ಜಾರಿ ತಲೆ ಕಿತ್ತುಬರುತ್ತದೆ. ಹಳೆಯ ಟ್ರ್ಯಾಕ್ಟರುಗಳದ್ದೂ ಇದೇ ಕಥೆ. ಇಂಚಿನ ಬೋಲ್ಟುಗಳಿರುವ ಮಾದರಿಗಳಲ್ಲಿ ಅರ್ಧ ಇಂಚಿನ ತಲೆ 12.7 ಮಿ.ಮೀ.; 13ರ ಸ್ಪ್ಯಾನರ್ ಕೂರುತ್ತದೆ, ಆದರೆ 0.3 ಮಿ.ಮೀ. ಸಡಿಲ. ಜರ್ಮನಿಯ 13ಕ್ಕಿಂತ ಸಾಧಾರಣ ಇಂಚಿನ ಸೆಟ್ಟೇ ಅಲ್ಲಿ ಮೇಲು.

ಕೊಳವೆಬಾವಿಯ ಮೋಟಾರ್ ಎತ್ತುವವರ ಪೈಪ್ ರೆಂಚ್ ವಿಷಯ ಬೇರೆ. ಕೊಳವೆಯ ಭಾರವನ್ನು ಕ್ಲ್ಯಾಂಪ್ ಹೊರುತ್ತದೆ, ರೆಂಚ್ ಜೋಡಣೆಯನ್ನು ಬಿಚ್ಚುತ್ತದೆ. ಹಲ್ಲು ಸವೆದ ರೆಂಚ್ ಜಾರಿದರೆ ಇಡೀ ಮೈಭಾರ ಹಾಕಿ ಎಳೆಯುತ್ತಿದ್ದವನು ಬೀಳುತ್ತಾನೆ, ಬೆರಳು ಜಜ್ಜಿಹೋಗುತ್ತದೆ. ಇಲ್ಲಿ ಉಳಿತಾಯ ನೋಡಲೇಬಾರದು. ಹಲ್ಲಿನ ದವಡೆಯನ್ನು ಬಿಡಿಭಾಗವಾಗಿ ಬದಲಿಸಬಹುದಾದ ರೆಂಚನ್ನೇ ಕೊಳ್ಳಬೇಕು.

ದುಬಾರಿ ಬೆಲೆಗೆ ನಿಜವಾಗಿ ಅರ್ಹವಾದದ್ದು ಬೋಲ್ಟನ್ನು ಗೊತ್ತುಮಾಡಿದ ಅಳತೆಯಷ್ಟೇ ಬಿಗಿಸುವ ಟಾರ್ಕ್ ರೆಂಚ್. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸೌರ ಪಾರ್ಕಿನಂಥ ಕಡೆ ಇದರ ಬೆಲೆ ಅರ್ಥವಾಗುತ್ತದೆ. ಫಲಕ ಹಿಡಿಯುವ ಕ್ಲ್ಯಾಂಪಿನ ಬಿಗಿತ ಕಡಿಮೆಯಾದರೆ ಗಾಳಿಗೆ ಸಡಿಲಾಗುತ್ತದೆ, ಹೆಚ್ಚಾದರೆ ಅಲ್ಯೂಮಿನಿಯಂ ಚೌಕಟ್ಟು ಬಾಗುತ್ತದೆ, ಗಾಜು ಒಡೆಯುತ್ತದೆ. ಬೈಕಿನ ಎಂಜಿನ್ನಿನಲ್ಲೂ ಹಾಗೆಯೇ. 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿತ ಸಾಕು. ಉದ್ದ ಹಿಡಿಯ ಸ್ಪ್ಯಾನರ್ ಹಿಡಿದ ಕೈ ತನಗರಿವಿಲ್ಲದೆ ಅದರ ಎರಡರಷ್ಟು ಬಲ ಹಾಕಿ ಅಲ್ಯೂಮಿನಿಯಂ ಕೇಸಿನ ಥ್ರೆಡ್ ಕಿತ್ತುಹಾಕುತ್ತದೆ. ಆದರೆ ಟಾರ್ಕ್ ರೆಂಚಿಗೆ ಆರೈಕೆ ಬೇಕು. ಅಂತಾರಾಷ್ಟ್ರೀಯ ಮಾನಕದ ಪ್ರಕಾರ ಬೇರೆ ನಿಯಮವಿಲ್ಲದಿದ್ದಲ್ಲಿ 12 ತಿಂಗಳಿಗೊಮ್ಮೆ ಅಥವಾ 5,000 ಬಾರಿ ಬಳಸಿದ ಮೇಲೆ ಅದರ ಅಳತೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ಕ್ಲಿಕ್ ಮಾದರಿಯದಾದರೆ ಕೆಲಸ ಮುಗಿದ ಮೇಲೆ ಕನಿಷ್ಠ ಅಳತೆಗೆ ಇಳಿಸಿಡಬೇಕು, ಬೋಲ್ಟ್ ಬಿಚ್ಚಲು ಬಳಸಕೂಡದು. ಈ ಶಿಸ್ತು ಇಲ್ಲದ ಗ್ಯಾರೇಜು ಟಾರ್ಕ್ ರೆಂಚ್ ಕೊಳ್ಳುವುದು ದಂಡ.

ಸುತ್ತಿಗೆ, ವೀಲ್ ಸ್ಪ್ಯಾನರ್, ಮೀಟುಗೋಲು, ಜ್ಯಾಕಿನ ಹಿಡಿ ಇವಕ್ಕೆಲ್ಲ ಹೆಸರಿನ ಹಿಂದೆ ಹೋಗಬೇಕಿಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ಪ್ರಸಿದ್ಧ ಹೆಸರು ಅಚ್ಚೊತ್ತಿದ ನಕಲಿಗಳ ಬಗ್ಗೆ ಎಚ್ಚರವಿರಲಿ. ಒಳ್ಳೆಯ ಕಂಪನಿಯ 10, 12, 14ರ ಹೊಸ ಬೋಲ್ಟುಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಸ್ಪ್ಯಾನರನ್ನು ಒಂದೊಂದಕ್ಕೂ ಹಾಕಿ ಎರಡೂ ಕಡೆ ಅಲ್ಲಾಡಿಸಿ ನೋಡಿ. ಸುಲಭವಾಗಿ ಕೂತು, ಅಲುಗಾಟ ಅತಿ ಕಡಿಮೆ ಇರುವುದನ್ನು ಆರಿಸಿ, ಬಿಲ್ಲು ಹಾಕಿಸಿಕೊಂಡೇ ತನ್ನಿ.