ಮುಯ್ಯಿಯ ಲೆಕ್ಕ, ವರದ ಮಾತು: ಕ್ರೈಸ್ತ ದಾನದ ಕಲ್ಪನೆಯನ್ನು ನೆಗಮಂನಿಂದ ಓದುವುದು

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಆಡಿದ ಮಾತುಗಳ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಳ್ಳಲಾಗಿದೆ.)

ನಾನು ಮಾತಾಡ್ತಿರೋದು ಪೊಳ್ಳಾಚಿ ಹತ್ತಿರದ ನೆಗಮಂನಿಂದ. ಹತ್ತಿಸೀರೆಗೆ ಹೆಸರಾದ ಊರು. ನಡುವೆ ಮಗ್ಗದ ಸದ್ದು ಕೇಳಿಸಿದರೆ ಕ್ಷಮಿಸಿ. ನಮ್ಮದು ದೇವಾಂಗರ ಮನೆ. ಬೀದಿಯಲ್ಲಿ ತಮಿಳು, ಒಳಗೆ ಕನ್ನಡ. ನಾನು ಕ್ರೈಸ್ತನಲ್ಲ, ಬೈಬಲಿನ ಓದುಗ ಅಷ್ಟೆ.

ಒಂದು ಸಣ್ಣ ಘಟನೆಯಿಂದ ಶುರು ಮಾಡ್ತೀನಿ. ಕೆಲವು ವರ್ಷಗಳ ಹಿಂದೆ ಕ್ರಿಸ್‌ಮಸ್ ಸಮಯದಲ್ಲಿ ಒಂದು ಸೇವಾಸಂಸ್ಥೆಯವರು ನಮ್ಮ ಬೀದಿಗೆ ಸೀರೆ ಹಂಚಲು ಬಂದರು. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು. ಸಾಲಿನಲ್ಲಿ ನಿಲ್ಲಬೇಕು, ಸೀರೆ ಹಿಡಿದು ಫೋಟೋ ತೆಗೆಸಿಕೊಳ್ಳಬೇಕು. ನಲವತ್ತು ವರ್ಷ ಸೀರೆ ನೇಯ್ದ ನಮ್ಮಮ್ಮನ ಕೈಗೆ ಪವರ್‌ಲೂಮಿನ ಪಾಲಿಯೆಸ್ಟರ್ ಸೀರೆ ಬಂತು. ಅಮ್ಮ ಅಂಚು ಮುಟ್ಟಿ ನೋಡಿ, ಮಡಚಿಟ್ಟು ಹೇಳಿದ್ದು ಇಷ್ಟೇ: “ಇದಕ್ಕೆ ನಾ ತಿರುಗಿ ಏನ ಕೊಡ್ಲಿ? ಅವ್ರ ಮನೆ ಎಲ್ಲೈತೆ ಅಂತಲೇ ಗೊತ್ತಿಲ್ವಲ್ಲ.” ಆ ಪ್ರಶ್ನೆಯೇ ಇವತ್ತಿನ ನನ್ನ ವಿಷಯ.

ಅಮ್ಮನ ಮಾತಿನ ಹಿಂದೆ ಇರೋದು ಮುಯ್ಯಿ. ತಮಿಳಿನಲ್ಲಿ ಮೊಯ್. ಮದುವೆಯಲ್ಲಿ ಯಾರು ಎಷ್ಟು ಕೊಟ್ಟರು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಅವರ ಮನೆ ಕಾರ್ಯಕ್ಕೆ ತಿರುಗಿ ಕೊಡುವುದು. ಕ್ರೈಸ್ತ ದಾನವನ್ನು ವಿವರಿಸುವವರು ಸಾಮಾನ್ಯವಾಗಿ ಇದನ್ನೇ ಎದುರಾಳಿಯಾಗಿ ನಿಲ್ಲಿಸುತ್ತಾರೆ: ಅಲ್ಲಿ ಲೆಕ್ಕ, ಇಲ್ಲಿ ಕೃಪೆ. ಅದಕ್ಕೆ ಆಧಾರವೂ ಇದೆ. ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಯೇಸು, ತಿರುಗಿ ಕರೆಯಬಲ್ಲ ನೆಂಟರನ್ನಲ್ಲ, ಕರೆಯಲಾಗದ ಬಡವರನ್ನು ಔತಣಕ್ಕೆ ಕರೆಯಿರಿ ಅನ್ನುತ್ತಾನೆ. ಮುಯ್ಯಿಗೆ ಬಿದ್ದ ಸರಿಯಾದ ಪೆಟ್ಟು ಅದು. ಮೊಯ್ ಬರೆಸಲಾಗದೆ ಮದುವೆಗೇ ಹೋಗದವರನ್ನು ನಾನು ಬಲ್ಲೆ. ಕನ್ನಡದಲ್ಲಿ ಮುಯ್ಯಿ ತೀರಿಸುವುದು ಅಂದರೆ ಸೇಡು ತೀರಿಸುವುದು ಕೂಡ, ಅಲ್ವಾ?

ಆದರೆ ಲೆಕ್ಕವಿಲ್ಲದ ದಾನ ಸಮಾನವಾದ ದಾನವೇ? ನಮ್ಮ ಪದಗಳನ್ನೇ ನೋಡಿ. ವರ ಮೇಲಿನಿಂದ ಇಳಿಯುತ್ತದೆ. ಕಾಣಿಕೆ ‘ಕಾಣು’ವಿನಿಂದ ಬಂದದ್ದು, ದೊಡ್ಡವರನ್ನು ಕಾಣಲು ಹೋದಾಗ ಒಯ್ಯುವುದು, ಅದು ಮೇಲಕ್ಕೆ ಏರುತ್ತದೆ. ಬಹುಕಾಲ ಬಳಕೆಯಲ್ಲಿರುವ ಕನ್ನಡ ಬೈಬಲು ರೋಮಾಪುರದವರ ಪತ್ರಿಕೆ 6:23ರಲ್ಲಿ ಪಾಪದ ಸಂಬಳದ ಎದುರಿಗೆ ದೇವರ ‘ಉಚಿತಾರ್ಥವರ’ವನ್ನು ಇಡುತ್ತದೆ. ದೇವರ ವಿಷಯದಲ್ಲಿ ಈ ಎತ್ತರ ಸರಿಯೇ. ಮನುಷ್ಯ ಮನುಷ್ಯನಿಗೆ ಕೊಡುವಾಗಲೂ ಅದೇ ಎತ್ತರದಲ್ಲಿ ನಿಂತರೆ? ನನ್ನ ತಕರಾರು ಅಲ್ಲಿದೆ.

ಪೌಲನೇ ಹಾಗೆ ನಿಲ್ಲುವುದಿಲ್ಲ. ಫಿಲಿಪ್ಪಿಯವರಿಗೆ ಬರೆಯುವಾಗ (4:15) ಕೊಡುವ-ಕೊಳ್ಳುವ ಲೆಕ್ಕದ ಮಾತನ್ನೇ ಆಡುತ್ತಾನೆ. ನಮ್ಮ ಮೊಯ್ ನೋಟ್‌ಬುಕ್ಕಿನ ಭಾಷೆ! ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸುವಾಗ (2 ಕೊರಿಂಥ 8:13–14) ಹೇಳುವುದು ಸಮಾನತೆಯ ವಿಚಾರ: ಇಂದು ನಿಮ್ಮಲ್ಲಿರುವುದು ಅವರ ಕೊರತೆಗೆ, ಮುಂದೆ ಅವರಲ್ಲಿರುವುದು ನಿಮ್ಮ ಕೊರತೆಗೆ. ಜಾನ್ ಬಾರ್‌ಕ್ಲೇ 2015ರ ಪುಸ್ತಕದಲ್ಲಿ ಇದನ್ನೇ ವಾದಿಸಿದ್ದಾರೆ. ಪೌಲನ ಕೃಪೆ ಯೋಗ್ಯತೆ ನೋಡಿ ಬರುವುದಿಲ್ಲ. ಹಾಗಂತ ಪ್ರತಿಸ್ಪಂದನೆಯನ್ನೇ ಬಯಸದ ದಾನವೂ ಅಲ್ಲ.

ಈಗ ಮಂಗಳೂರಿನ ಮಗ್ಗಕ್ಕೆ ಬರೋಣ. ನೇಕಾರರು ದಾನ ಪಡೆದವರೋ ಕೊಟ್ಟವರೋ ಅನ್ನೋ ಪ್ರಶ್ನೆ ಅಲ್ಲೂ ಇದೆ. 1834ರಲ್ಲಿ ಬಂದ ಬಾಸೆಲ್ ಮಿಶನ್, ಮತಾಂತರದಿಂದ ಕಸುಬು ತಪ್ಪಿದವರಿಗಾಗಿ 1851ರಲ್ಲಿ ನೇಯ್ಗೆ ಶುರು ಮಾಡಿತು. ಅತ್ತ ಬಾಸೆಲ್‌ನಲ್ಲಿ 1855ರಿಂದ ಸಾಮಾನ್ಯ ಮನೆಗಳು ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಪುಡಿಗಾಸು, ಮಿಶನ್ನಿಗೆ ಕೊಡತೊಡಗಿದವು. ಕಾರ್ಲ್ ಸರಾಸಿನ್ ಶುರು ಮಾಡಿದ ಈ ಸಂಗ್ರಹ ನಿಜಕ್ಕೂ ದೊಡ್ಡ ದಾನ, ಬಡವರೂ ದಾನಿಗಳಾದರು. ಆದರೆ 1859ರಲ್ಲಿ ಮಿಶನ್ ವ್ಯಾಪಾರ ಕಂಪನಿ ಹುಟ್ಟಿತು, ಮುಂದೆ ಕಾರ್ಖಾನೆಗಳೂ ಅದರ ಕೆಳಗೆ ಬಂದವು. ಷೇರುದಾರರಿಗೆ ಮಿತಿಯೊಳಗಿನ ಪಾಲು, ಮಿಕ್ಕ ಲಾಭ ಮಿಶನ್ ಕೆಲಸಕ್ಕೆ. ಆ ಲಾಭ ನೇಕಾರರ, ಹೆಂಚು ಸುಡುವವರ ಕೈಯಿಂದ ಬಂದದ್ದು ತಾನೆ? ಅವರಿಗೆ ಕೂಲಿ ಸಿಕ್ಕಿತು, ನೆಲೆ ಸಿಕ್ಕಿತು, ಅದನ್ನು ಅಲ್ಲಗಳೆಯಲ್ಲ. ಆದರೆ ದಾನದ ಕಥೆ ಹೇಳುವಾಗ ಅರ್ಧ ಬಾಟ್ಸೆನ್ ಕೊಟ್ಟವರು ದಾನಿಗಳಾಗುತ್ತಾರೆ, ಮಂಗಳೂರಿನ ನೇಕಾರರು ಪಡೆದವರಾಗಿ ಮಾತ್ರ ಉಳಿಯುತ್ತಾರೆ. ಅವರು ಕೊಟ್ಟದ್ದನ್ನು ಬರೆಯುವ ನೋಟ್‌ಬುಕ್ ಇರಲಿಲ್ಲ.

ಹಾಗಾಗಿ ನಾನು ಮುಯ್ಯಿಯನ್ನು ಮತ್ತೆ ಪೀಠಕ್ಕೇರಿಸಿ ಅನ್ನುತ್ತಿಲ್ಲ. ತಿರುಗಿ ಕೊಡಲಾಗದವರನ್ನೂ ಕರೆಯಬೇಕು, ಅದು ಲೂಕನಿಂದ ಕಲಿಯುವ ಪಾಠ. ಕರೆದ ಮೇಲೆ ಅವರು ತಿರುಗಿ ಕೊಡುವ ದಾರಿಯನ್ನು ಮುಚ್ಚಬಾರದು, ಅದು ಪೌಲನಿಂದ ಕಲಿಯುವ ಪಾಠ. ಎರಡೂ ಒಟ್ಟಿಗೆ ಬೇಕು.

ಕೊನೆಗೆ ಒಬ್ಬರು ಕೇಳಿದರು: ಹಾಗಾದರೆ ಆ ಸೀರೆಯವರು ಏನು ಮಾಡಬೇಕಿತ್ತು? ಕೈಮಗ್ಗದ ಸೀರೆಯನ್ನೇ ತರಬೇಕಿತ್ತು ಅಂತ ನಾನು ಹೇಳಲ್ಲ. ಕ್ಯಾಮೆರಾ ಒಳಗಿಟ್ಟು, ಅಮ್ಮ ಕರೆದಾಗ ಒಳಗೆ ಬಂದು ಒಂದು ಲೋಟ ಕಾಫಿ ಕುಡಿದಿದ್ದರೆ ಸಾಕಿತ್ತು. ಅಮ್ಮ ಕರೆದಿದ್ದರು. ಟೈಮಿಲ್ಲ ಅಂದರು.